ಹಸಿವಿಗಿಂತ ಮೊದಲು ಬಿಸಿಲು

ಮರಿ ಮನೆಗೆ ಬಂದು ಅಂದಿಗೆ ನಾಲ್ಕನೇ ದಿನ. ಶಾಲೆಯ ಚೀಲವನ್ನು ಹೆಗಲಿಗೇರಿಸಿಕೊಂಡೇ ಮಗಳು ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಿದ್ದಳು. 'ಅಮ್ಮಾ, ರಾಗಿ ಇವತ್ತೂ ಕಣ್ಣು ಬಿಡ್ತಿಲ್ಲ' ಎಂದಳು. ರಾಗಿ ಎಂದರೆ ಅವಳ 12ನೇ ಹುಟ್ಟುಹಬ್ಬಕ್ಕೆ ತಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಓತಿಯ ಮರಿ. ಹುರಿದ ರಾಗಿಯ ಬಣ್ಣ, ಆರು ವಾರದ ವಯಸ್ಸು, ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ನನ್ನ ಅಂಗೈಯಷ್ಟೇ ಉದ್ದ, ಎತ್ತಿಕೊಂಡರೆ ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ತಂದ ದಿನ ಎರಡು ಹುಳ ತಿಂದಿತ್ತು. ಆಮೇಲೆ ಏನೂ ಮುಟ್ಟಿರಲಿಲ್ಲ. ಹೊಟ್ಟೆಯ ಅಡಿಯಲ್ಲಿ ಕಪ್ಪು ಗೆರೆಗಳು ಮೂಡಿದ್ದವು. ದೀಪದ ಕೆಳಗೆ ಇಟ್ಟಿದ್ದ ಮರದ ತುಂಡನ್ನು ಬಿಟ್ಟು, ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ಮಲಗಿತ್ತು.

ನನಗೆ ಮೊದಲು ಹೊಳೆದದ್ದು ಹೊಟ್ಟೆಯ ಮಾತು. ಮಗು ಮಂಕಾಗಿದೆ ಎಂದರೆ 'ಏನಾದ್ರೂ ತಿಂತಾ?' ಎಂದು ಕೇಳುವ ಮನೆಯಲ್ಲಿ ಬೆಳೆದವಳು ನಾನು. ಜ್ವರಕ್ಕೆ ಗಂಜಿ, ದಣಿವಿಗೆ ಮೊಸರನ್ನ, ಸಾಕು ಎಂದವರಿಗೆ ಇನ್ನೊಂದು ತುತ್ತು. ಅದೇ ಅಭ್ಯಾಸದಿಂದ ಚಿಮಟದಲ್ಲಿ ಒಂದು ಹುಳ ಹಿಡಿದು ರಾಗಿಯ ಬಾಯಿಗೆ ತಾಗಿಸಿದೆ. ಬಾಯಿ ಬಿಡಲಿಲ್ಲ. ದವಡೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಹುಳವನ್ನು ಒಳಗೆ ತಳ್ಳಿದೆ. ಹೇಗೋ ನುಂಗಿತು. ಅಂತೂ ತಿಂದಿತಲ್ಲ ಎಂದು ಸಮಾಧಾನದಿಂದ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಆ ಹುಳ ಕಾಲು, ಮೀಸೆ ಸಮೇತ ಹಾಗೆಯೇ ಹೊರಗೆ ಬಿದ್ದಿತ್ತು. ರಾಗಿ ಬೆಳಿಗ್ಗೆಗಿಂತ ಹೆಚ್ಚು ಸೊರಗಿತ್ತು.

ಒಲೆ ಹಚ್ಚದೆ ಪಾತ್ರೆಗೆ ಅಕ್ಕಿ ಸುರಿದಿದ್ದೆ, ಅಷ್ಟೆ. ನಮ್ಮ ಮೈಗೆ ಒಲೆ ಒಳಗೇ ಇದೆ. ಚಳಿಯಿರಲಿ, ಮಳೆಯಿರಲಿ, ಉಂಡ ಅನ್ನವನ್ನೇ ಉರಿಸಿ ಮೈ 37 ಡಿಗ್ರಿಯಲ್ಲಿ ನಿಲ್ಲುತ್ತದೆ. ಓತಿಯ ಒಲೆ ಹೊರಗಿದೆ. ಬಿಸಿಲಿಗೆ ಮೈಯೊಡ್ಡಿ 35 ಡಿಗ್ರಿಯ ಆಸುಪಾಸಿಗೆ ಬಂದರೆ ಮಾತ್ರ ಅದರ ಕರುಳು ಓಡುತ್ತದೆ, ಜೀರ್ಣರಸ ಕೆಲಸ ಮಾಡುತ್ತದೆ, ಹಸಿವು ಹುಟ್ಟುತ್ತದೆ. ಮೈ ತಣ್ಣಗಿದ್ದಾಗ ಹೊಟ್ಟೆಗೆ ಹಾಕಿದ್ದು ಅಲ್ಲೇ ಕೂತು ಕೊಳೆಯುತ್ತದೆ. ಹಾಗಾಗಿ ತಣ್ಣಗಿರುವ ಓತಿ ತಿನ್ನದೆ ಇರುವುದು ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ನಾನು ಅದನ್ನು ಹಟವೆಂದೋ ರೋಗವೆಂದೋ ತಿಳಿದು ಬಲವಂತ ಮಾಡಿದ್ದೆ.

ಈ ಜೀವಿ ನಮಗೆ ತೀರಾ ಪರಕೀಯವೂ ಅಲ್ಲ. ನಮ್ಮ ಬೇಲಿಸಾಲಿನ ಓತಿಕ್ಯಾತ, ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಯವಾದ ಹಾರುವ ಓತಿ, ಮತ್ತು ಇದು, ಮೂರೂ ಅಗಾಮಿಡೇ ಎಂಬ ಒಂದೇ ಕುಟುಂಬದವು. ಬೆದರಿದಾಗ ಗಂಟಲಿನ ಮುಳ್ಳುಮುಳ್ಳು ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಗಡ್ಡದ ಹೆಸರು ಬಂತು. ವೈಜ್ಞಾನಿಕ ಹೆಸರು ಪೊಗೊನಾ ವಿಟಿಸೆಪ್ಸ್. ಗ್ರೀಕಿನಲ್ಲಿ ಪೊಗೊನ್ ಎಂದರೂ ಗಡ್ಡವೇ. ಮನೆಯಲ್ಲಿ ನಾವು ಗಡ್ಡದ ಓತಿ ಎನ್ನುತ್ತೇವೆ. ಇದರ ತವರು ಪೂರ್ವ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಸಿಡ್ನಿಯಿಂದ ಬ್ರೋಕನ್ ಹಿಲ್ ಕಡೆಗೆ ಕಾರಿನಲ್ಲಿ ಹೋದರೆ ಕುರಿ ಹೊಲಗಳ ಬೇಲಿಗೂಟಗಳ ತುದಿಯಲ್ಲಿ ಇವು ಬಿಸಿಲು ಕಾಯುತ್ತ ಕೂತಿರುವುದು ಕಾಣುತ್ತದೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ನಮ್ಮ ಗಾದೆಯನ್ನು ಮೊದಲು ಹೇಳಿದವರು ಓತಿಯನ್ನು ಚೆನ್ನಾಗಿ ನೋಡಿದ್ದವರೇ ಇರಬೇಕು. ಓತಿ ಎಲ್ಲಿದೆಯೋ ಅಲ್ಲಿ ಬಿಸಿಲು ಬೀಳುವ ಒಂದು ಗೂಟ ಇದ್ದೇ ಇರುತ್ತದೆ.

ನಾವಿರುವ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದನ್ನು ಸಾಕಲು ಸರ್ಕಾರದ ಪರವಾನಗಿ ಬೇಕು. ಕಾಡಿನಿಂದ ಹಿಡಿದು ತರುವಂತಿಲ್ಲ, ಪರವಾನಗಿ ಇರುವವರ ಬಳಿ ಹುಟ್ಟಿದ ಮರಿಯನ್ನೇ ಕೊಳ್ಳಬೇಕು. ನಮ್ಮ ಪರವಾನಗಿ ನನ್ನ ಹೆಸರಿನಲ್ಲಿದೆ. ಕಾಗದಕ್ಕೆ ಸಹಿ ಹಾಕುವಾಗ ಇದರ ಜವಾಬ್ದಾರಿ ನನಗೆ ಅಷ್ಟಾಗಿ ತಟ್ಟಿರಲಿಲ್ಲ. ಹುಳ ಹೊರಗೆ ಬಿದ್ದ ಆ ಸಂಜೆ ತಟ್ಟಿತು.

ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ಬಿಸಿ ಎಷ್ಟಿತ್ತು? ಅಂಗಡಿಯವರು ಎಲ್ಲವನ್ನೂ ಸೇರಿಸಿ ಒಂದು ಸೆಟ್ ಕೊಟ್ಟಿದ್ದರು: ಪೆಟ್ಟಿಗೆ, ಬಲ್ಬು, ನೆಲಕ್ಕೆ ಕೆಂಪು ಮರಳು, ಗಾಜಿಗೆ ಅಂಟಿಸುವ ದುಂಡನೆಯ ತಾಪಮಾಪಕ. ಅದರ ಮುಳ್ಳು 32 ತೋರಿಸುತ್ತಿತ್ತು. ಆದರೆ ಅದು ಅಳೆಯುತ್ತಿದ್ದದ್ದು ಹಿಂಬದಿಯ ಗಾಜಿನ ಬಿಸಿಯನ್ನು. ರಾಗಿ ಹೊಟ್ಟೆ ಊರಿ ಕೂರಬೇಕಾದ ಮರದ ತುಂಡಿನ ಬಿಸಿ ಎಷ್ಟೆಂದು ಹೇಳುವ ಸಾಧನ ಮನೆಯಲ್ಲಿ ಇರಲಿಲ್ಲ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಯಂತ್ರ ಇಲ್ಲಿ ಆಗುವುದಿಲ್ಲ. ಅದು ಮನುಷ್ಯನ ಮೈಬಿಸಿಯ ಆಸುಪಾಸನ್ನಷ್ಟೇ ಓದುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಇನ್‌ಫ್ರಾರೆಡ್ ತಾಪಮಾಪಕ ಕೊಂಡು ತಂದು ಮರದ ತುಂಡಿಗೆ ಗುರಿಯಿಟ್ಟು ಒತ್ತಿದೆ. 29 ಡಿಗ್ರಿ. ಮೇ ತಿಂಗಳು, ಇಲ್ಲಿ ಚಳಿ ಶುರುವಾಗುವ ಹೊತ್ತು. ರಾತ್ರಿ ಪೆಟ್ಟಿಗೆಯ ಒಳಗೆ 14ಕ್ಕೆ ಬರುತ್ತಿತ್ತು.

ಈ ವಯಸ್ಸಿನ ಮರಿಗೆ ಬಿಸಿಲು ಕಾಯುವ ಜಾಗದ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು, 38ಕ್ಕಿಂತ ಇಳಿಯಬಾರದು, 43 ದಾಟಬಾರದು. ಎದುರು ತುದಿ 25ರಿಂದ 28ರಷ್ಟು ತಂಪಾಗಿರಬೇಕು. ಈ ಎರಡು ತುದಿಗಳ ನಡುವಿನ ಅಂತರವೇ ಅದರ ಬದುಕು. ಬಿಸಿ ಸಾಕಾದಾಗ ಸರಿದು ಹೋಗಲು ಜಾಗವಿಲ್ಲದಿದ್ದರೆ ಪೆಟ್ಟಿಗೆ ಬಾಣಲೆಯಾಗುತ್ತದೆ. ರಾತ್ರಿ ಪೂರ್ತಿ ಕತ್ತಲಿರಬೇಕು, ಕೆಂಪು ದೀಪವೂ ಬೇಡ. ಆರೋಗ್ಯವಾಗಿರುವ ಓತಿಗೆ ರಾತ್ರಿ 18 ಡಿಗ್ರಿ ನಡೆಯುತ್ತದೆ. ಸೊರಗಿದ ಮರಿಗೆ 22ರಿಂದ 24 ಇದ್ದರೆ ಒಳ್ಳೆಯದು. ಬೆಳಕು ಕೊಡದೆ ಬಿಸಿಯನ್ನು ಮಾತ್ರ ಕೊಡುವ ಸೆರಾಮಿಕ್ ಹೀಟರ್ ಇದಕ್ಕೆಂದೇ ಸಿಗುತ್ತದೆ. ಅದನ್ನು ಥರ್ಮೋಸ್ಟಾಟ್ ಇಲ್ಲದೆ ಹಚ್ಚಬಾರದು. ಅಂಗಡಿಯಲ್ಲಿ ಸಿಗುವ ಬಿಸಿ ಕಲ್ಲುಗಳನ್ನಂತೂ ಕೊಳ್ಳಲೇಬೇಡಿ. ಓತಿಗೆ ಹೊಟ್ಟೆಯಡಿಯ ಸುಡುವಿಕೆ ಬೇಗ ತಿಳಿಯುವುದಿಲ್ಲ. ಚರ್ಮ ಬೆಂದ ಮೇಲೂ ಅಲ್ಲೇ ಕೂತಿರುತ್ತದೆ.

ಬಿಸಿ ಬರೀ ಊಟಕ್ಕಲ್ಲ. ರೋಗದೊಡನೆ ಹೋರಾಡಲಿಕ್ಕೂ ಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮರುಭೂಮಿಯ ಇಗ್ವಾನಾ ಹಲ್ಲಿಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗಲಿಸಿ ನೋಡಿದರು. ಬಿಸಿ ಜಾಗ, ತಂಪು ಜಾಗ ಎರಡೂ ಕೊಟ್ಟಾಗ ಸೋಂಕಿತ ಹಲ್ಲಿಗಳು ಎಂದಿಗಿಂತ ಹೆಚ್ಚು ಬಿಸಿಯ ಕಡೆಗೆ ಹೋಗಿ ಮೈಯ ತಾಪವನ್ನು ಏರಿಸಿಕೊಂಡವು. ಬೆಚ್ಚಗಿದ್ದವು ಹೆಚ್ಚು ಬದುಕಿದವು, ತಣ್ಣಗಿಟ್ಟವು ಹೆಚ್ಚು ಸತ್ತವು. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಅಧ್ಯಯನ, ಜ್ವರ ಎನ್ನುವುದು ಮೈಗೆ ಒದಗಿದ ಕೇಡಲ್ಲ, ಅದೊಂದು ಆಯುಧ ಎಂದು ತೋರಿಸಿಕೊಟ್ಟ ಮುಖ್ಯ ಪ್ರಯೋಗಗಳಲ್ಲಿ ಒಂದು. ನನಗೆ ಇದನ್ನು ಓದಿ ಎದೆ ಧಸಕ್ಕೆಂದಿತು. ನಮಗೆ ಜ್ವರ ತಾನಾಗಿ ಬರುತ್ತದೆ. ಓತಿ ತನ್ನ ಜ್ವರಕ್ಕೂ ಬಿಸಿಲು ಹುಡುಕಿಕೊಂಡು ಹೋಗಬೇಕು. ನಾವು ಅದನ್ನು 29 ಡಿಗ್ರಿಯ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದೆವು.

ಈ ಜಾತಿಯಲ್ಲಿ ತಾಪದ ಕೈ ಇನ್ನೂ ಹಿಂದಕ್ಕೆ, ಮೊಟ್ಟೆಯವರೆಗೆ ಚಾಚಿದೆ. ಗಂಡೋ ಹೆಣ್ಣೋ ಎನ್ನುವುದನ್ನು ಸಾಮಾನ್ಯವಾಗಿ ವರ್ಣತಂತುಗಳೇ ನಿರ್ಧರಿಸುತ್ತವೆ. ಆದರೆ ಮೊಟ್ಟೆ 32 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಬೆಳೆದರೆ, ಗಂಡಾಗಬೇಕಿದ್ದ ಮರಿ ಹೆಣ್ಣಾಗಿ ಹುಟ್ಟಿ, ಮುಂದೆ ಮೊಟ್ಟೆಯನ್ನೂ ಇಡಬಲ್ಲದು. ಕಾಡಿನಲ್ಲೂ ಇದು ನಡೆಯುತ್ತಿದೆ ಎಂದು ಕ್ಯಾನ್‌ಬೆರಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ಬಿಸಿಯಷ್ಟೇ ಮುಖ್ಯವಾದದ್ದು ಬೆಳಕು. ಎರಡೂ ಬೇರೆ ಬೇರೆ ಎಂಬುದು ನನಗೆ ತಿಳಿದಿರಲಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿಬಿ ಕಿರಣಗಳಿವೆ. ಅವು ಚರ್ಮಕ್ಕೆ ತಾಗಿದಾಗ ಅಲ್ಲಿನ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ಬದಲಾಗುತ್ತದೆ; ಮೈಯ ಬಿಸಿಯಲ್ಲಿ ಮಾಗಿ ವಿಟಮಿನ್ ಡಿ3 ಆಗುತ್ತದೆ. ಡಿ3 ಇದ್ದರೆ ಮಾತ್ರ ಕರುಳು ಊಟದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳುತ್ತದೆ. ಇಲ್ಲವಾದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ವಾರವಾರಕ್ಕೂ ಉದ್ದ ಹೆಚ್ಚುವ ಮರಿಯಲ್ಲಿ ಈ ಸಾಲ ಬೇಗ ಬಯಲಿಗೆ ಬರುತ್ತದೆ. ಮೊದಲು ಕಾಲ್ಬೆರಳುಗಳು ಅದುರುತ್ತವೆ. ಆಮೇಲೆ ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆನ್ನು ಡೊಂಕಾಗುತ್ತದೆ. ಒಮ್ಮೆ ಡೊಂಕಾದ ಮೂಳೆ ಪೂರ್ತಿ ನೆಟ್ಟಗಾಗುವುದಿಲ್ಲ.

ಅದಕ್ಕಾಗಿ ಸರೀಸೃಪಗಳಿಗೆಂದೇ ಮಾಡಿದ ಉದ್ದನೆಯ ಯುವಿಬಿ ಟ್ಯೂಬ್ ಬೇಕು. ಸುರುಳಿಯಾಕಾರದ ಸಣ್ಣ ಬಲ್ಬು ಒಂದೇ ಬಿಂದುವಿಗೆ ಕಿರಣ ಬಿಡುತ್ತದೆ, ಸಾಲದು. ಟ್ಯೂಬ್ ಬಿಸಿ ಜಾಗದ ಮೇಲೆಯೇ ಇರಬೇಕು, 30ರಿಂದ 45 ಸೆಂಟಿಮೀಟರ್ ಎತ್ತರದಲ್ಲಿ; ಎಷ್ಟೆಂಬುದು ಟ್ಯೂಬಿನ ಬಲದ ಮೇಲಿದೆ, ಪೊಟ್ಟಣದ ಮೇಲೆ ಬರೆದಿರುತ್ತಾರೆ. ನಡುವೆ ಗಾಜು ಬಂದರೆ ಯುವಿಬಿ ಅಲ್ಲೇ ನಿಲ್ಲುತ್ತದೆ. ಕಿಟಕಿಯ ಗಾಜಿನೊಳಗೆ ಬೀಳುವ ಬಿಸಿಲಿನಲ್ಲಿ ಕೂರಿಸಿದರೆ ಮರಿಗೆ ಬಿಸಿ ಸಿಗುತ್ತದೆ, ಡಿ3 ಸಿಗುವುದಿಲ್ಲ. ಸಣ್ಣ ಕಣ್ಣಿನ ಜಾಲರಿ ಕೂಡ ಸಾಕಷ್ಟನ್ನು ತಡೆಯುತ್ತದೆ. ಇನ್ನೊಂದು ಮೋಸದ ಸಂಗತಿಯೆಂದರೆ ಟ್ಯೂಬ್ ಫಳಫಳ ಉರಿಯುತ್ತಿರುವಾಗಲೇ ಅದರ ಯುವಿಬಿ ಸತ್ತಿರುತ್ತದೆ. ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಾದರಿಯನ್ನು ನೋಡಿಕೊಂಡು ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಬಿಸಿಲಿರುವ ದಿನ ಹೊರಗೆ ಹತ್ತು ಹದಿನೈದು ನಿಮಿಷ ಜಾಲರಿ ಪಂಜರದಲ್ಲಿ, ಅರ್ಧ ನೆರಳಿರುವಂತೆ ಇಟ್ಟರೆ ಯಾವ ಟ್ಯೂಬಿಗೂ ಮಿಗಿಲು. ಗಾಜಿನ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಸಿಲಿಗೆ ಒಯ್ಯಬೇಡಿ, ಕೆಲವೇ ನಿಮಿಷಗಳಲ್ಲಿ ಒಳಗಿನ ಜೀವ ಬೆಂದುಹೋಗುತ್ತದೆ.

ಆ ರಾತ್ರಿಯೇ ಮರಳನ್ನು ತೆಗೆದು ಪೇಪರ್ ಟವೆಲ್ ಹಾಸಿದೆವು. ಮರಿಗಳು ಹುಳ ಹಿಡಿಯುವಾಗ ಮರಳನ್ನೂ ನುಂಗುತ್ತವೆ, ಅದು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು. ಕಾಗದದ ಮೇಲೆ ಹಿಕ್ಕೆಯೂ ಸರಿಯಾಗಿ ಕಾಣುತ್ತದೆ; ಕಾಯಿಲೆಯ ಮರಿಯ ವಿಷಯದಲ್ಲಿ ಹಿಕ್ಕೆಯಷ್ಟು ಸತ್ಯ ಹೇಳುವ ವಸ್ತು ಬೇರೆ ಇಲ್ಲ. ಮರುದಿನ ಹೆಚ್ಚು ವಾಟ್‌ನ ಬಲ್ಬು, ಹೊಸ ಟ್ಯೂಬ್ ಬಂದವು. ತಾಪಮಾಪಕ 40 ತೋರಿಸಿತು. ಪೆಟ್ಟಿಗೆಯ ಮೂರು ಬದಿಗೆ ಬಟ್ಟೆ ಹೊದಿಸಿ, ಕೈ ಹಾಕದೆ ದೂರ ಕೂತೆವು.

ಕೈ ಹಾಕದೆ ಇರುವುದೇ ಕಷ್ಟದ ಕೆಲಸ. ಮಗಳಿಗೆ ಎತ್ತಿ ಎದೆಗೊತ್ತಿಕೊಳ್ಳುವ ಆಸೆ, ನನಗೆ ಹತ್ತು ನಿಮಿಷಕ್ಕೊಮ್ಮೆ ಬದುಕಿದೆಯೇ ಎಂದು ಮುಟ್ಟಿ ನೋಡುವ ಆತಂಕ. ಆದರೆ ಈ ಮರಿಯ ಕಣ್ಣಲ್ಲಿ ಮೇಲಿನಿಂದ ಬರುವ ಕೈ ಎಂದರೆ ಹದ್ದು. ಅದರ ನೆತ್ತಿಯ ನಡುವೆ ಸಾಸಿವೆಗಿಂತ ಚಿಕ್ಕದಾದ ಮೂರನೇ ಕಣ್ಣೊಂದಿದೆ. ಅದು ರೂಪವನ್ನು ಕಾಣದು, ಬೆಳಕು ನೆರಳನ್ನು ಗ್ರಹಿಸುತ್ತದೆ. ಮೇಲೆ ನೆರಳು ಸುಳಿದರೆ ಮೈ ಬಿಗಿಯುತ್ತದೆ. ಹುಟ್ಟಿದ ಜಾಗ ಬಿಟ್ಟು, ಕಾರಿನಲ್ಲಿ ಕುಲುಕಿ, ಹೊಸ ವಾಸನೆ ಹೊಸ ಸದ್ದಿನ ಮನೆಗೆ ಬಂದ ಮರಿ ಮೊದಲ ಕೆಲವು ದಿನ ಸರಿಯಾಗಿ ತಿನ್ನದಿರುವುದು ಸಹಜ. ಹೊಟ್ಟೆಯ ಕಪ್ಪು ಗೆರೆಗಳೂ ಹೆಚ್ಚಾಗಿ ಆ ದಿಗಿಲಿನವೇ. ಹೊಸ ಮರಿಯನ್ನು ಮೊದಲ ವಾರ ಊಟ, ನೀರು, ಶುಚಿ ಬಿಟ್ಟು ಬೇರಾವುದಕ್ಕೂ ಮುಟ್ಟದಿರುವುದು ಒಳ್ಳೆಯದು.

ಹೆದರಬೇಕಾದ್ದು ಯಾವುದು, ಹೆದರಬೇಕಾಗಿಲ್ಲದ್ದು ಯಾವುದು ಎಂದು ತಿಳಿಯದೆ ನಾವು ಎಲ್ಲಕ್ಕೂ ಹೆದರಿದೆವು. ಮುಂಗಾಲನ್ನು ಎತ್ತಿ ನಿಧಾನವಾಗಿ ಗಾಳಿಯಲ್ಲಿ ವೃತ್ತ ಬರೆದಂತೆ ಆಡಿಸುವುದು ನಾನು ಚಿಕ್ಕವನು, ಬಿಟ್ಟುಬಿಡು ಎಂಬ ಸನ್ನೆ, ಸೆಳೆತವಲ್ಲ. ದೀಪದ ಕೆಳಗೆ ಬಾಯಿ ತೆರೆದು ಕೂರುವುದು ಹೆಚ್ಚಾದ ಬಿಸಿಯನ್ನು ಬಿಡುವ ಕ್ರಮ. ಬೆಳಿಗ್ಗೆ ಮೈ ಕಪ್ಪಾಗಿ ಮಧ್ಯಾಹ್ನ ಬಿಳಿಚುವುದು ಬಿಸಿಯನ್ನು ಹೀರಿ, ಸಾಕಾದಾಗ ತಡೆಯುವ ಉಪಾಯ. ಪೊರೆ ಬಿಡುವ ಮುಂಚೆ ಬಣ್ಣ ಮಾಸಿ, ಊಟ ಕಡಿಮೆಯಾಗುವುದೂ ಉಂಟು.

ಆದರೆ ಬಾಯಿ ತೆರೆದಾಗ ಗುಳ್ಳೆ ಅಥವಾ ಲೋಳೆ ಕಂಡರೆ, ಉಸಿರಿಗೆ ಸದ್ದು ಬಂದರೆ ಅದು ಶ್ವಾಸಕೋಶದ ಸೋಂಕು. ಕಣ್ಣು ಗುಳಿಬಿದ್ದು, ಚರ್ಮ ಚಿವುಟಿದರೆ ಹಾಗೆಯೇ ನಿಂತು, ಹಿಕ್ಕೆಯ ಬಿಳಿ ಭಾಗ ಹಳದಿಯಾಗಿ ಗಟ್ಟಿಯಾದರೆ ನೀರು ಕಡಿಮೆಯಾಗಿದೆ. ಬೆರಳು ಅದುರಿದರೆ, ಎತ್ತಿದಾಗ ಬಟ್ಟೆಯಂತೆ ಜೋತುಬಿದ್ದರೆ, ತಲೆ ಹಿಂದಕ್ಕೆ ಬಾಗಿ ನಕ್ಷತ್ರ ನೋಡುವಂತೆ ಮೇಲಕ್ಕೇ ತಿರುಗಿದ್ದರೆ, ಹಿಕ್ಕೆಯಲ್ಲಿ ರಕ್ತವಿದ್ದರೆ, ಬಾಲದ ತುದಿ ಕಪ್ಪಾಗಿ ಒಣಗಿದರೆ, ಬಿಸಿ ಬೆಳಕು ಸರಿಯಿದ್ದೂ ಹಗಲಿಡೀ ಕಣ್ಣು ಮುಚ್ಚಿದ್ದರೆ ಅಂದೇ ವೈದ್ಯರ ಬಳಿ ಹೋಗಬೇಕು. ಇದು ಚಳಿಗಾಲದ ನಿದ್ದೆ, ಬಿಟ್ಟುಬಿಡಿ ಎಂದು ನಮಗೂ ಒಬ್ಬರು ಹೇಳಿದರು. ದೊಡ್ಡ ಓತಿಗಳು ಚಳಿಗಾಲದಲ್ಲಿ ವಾರಗಟ್ಟಲೆ ಮಲಗುವುದು ನಿಜ. ವರ್ಷ ತುಂಬದ ಮರಿಯ ಮೈಯಲ್ಲಿ ಅದಕ್ಕೆ ಬೇಕಾದ ಕೊಬ್ಬಿಲ್ಲ. ಮರಿ ಹಗಲೆಲ್ಲ ಮಲಗಿದೆ ಎಂದರೆ ಅದಕ್ಕೆ ಏನೋ ಆಗಿದೆ ಎಂದೇ ಅರ್ಥ. ಬೇಟೆಗೆ ಸಿಗುವ ಪ್ರಾಣಿಗಳು ನಿತ್ರಾಣವನ್ನು ಕೊನೆಯವರೆಗೂ ಬಚ್ಚಿಡುತ್ತವೆ. ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಬಿಸಿ ಸರಿಮಾಡಿದ ಮರುದಿನ ಮಧ್ಯಾಹ್ನ ರಾಗಿ ತೆವಳಿಕೊಂಡು ಮರದ ತುಂಡು ಹತ್ತಿತು. ಒಂದು ಕಣ್ಣು ತೆರೆಯಿತು. ಆಗ ಕೊಟ್ಟಿದ್ದು ನೀರು ಮಾತ್ರ. ಒಣನಾಡಿನ ಈ ಜೀವಿಗೆ ಬಟ್ಟಲಿನಲ್ಲಿ ನಿಂತ ನೀರು ಅನೇಕ ಸಲ ನೀರೆಂದೇ ತಿಳಿಯುವುದಿಲ್ಲ. ಮೂತಿಯ ತುದಿಗೆ ಉಗುರುಬೆಚ್ಚಗಿನ ಒಂದು ಹನಿ ಬಿಟ್ಟರೆ ನಾಲಿಗೆ ಚಾಚಿ ನೆಕ್ಕುತ್ತದೆ. ಬಾಯಿ ಬಿಡಿಸಿ ಪಿಚಕಾರಿಯಿಂದ ಹಾಕಬಾರದು. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ರಾಗಿ ಆ ದಿನ ಒಂಬತ್ತು ಹನಿ ನೆಕ್ಕಿತು. ಮಗಳು ಎಣಿಸಿದಳು.

ವೈದ್ಯರ ಬಳಿ ಒಯ್ದದ್ದು ಅದರ ಮರುದಿನ. ನಾಯಿ ಬೆಕ್ಕು ನೋಡುವ ಎಲ್ಲರೂ ಸರೀಸೃಪ ನೋಡುವುದಿಲ್ಲ. ಮರಿ ತರುವ ಮುಂಚೆಯೇ ಅಂಥವರು ಎಲ್ಲಿದ್ದಾರೆಂದು ಗೊತ್ತುಮಾಡಿಕೊಳ್ಳಬೇಕಿತ್ತು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಸಣ್ಣ ಡಬ್ಬಿಯಲ್ಲಿ ರಾಗಿಯನ್ನಿಟ್ಟು, ಪೆಟ್ಟಿಗೆಯ ಫೋಟೊ, ತಾಪದ ಲೆಕ್ಕ, ಹೊಸ ಹಿಕ್ಕೆ ಎಲ್ಲವನ್ನೂ ಒಯ್ದೆವು. ವೈದ್ಯೆ ಮರಿಗಿಂತ ಮೊದಲು ಫೋಟೊಗಳನ್ನು ನೋಡಿದರು. ತೂಕ 7.8 ಗ್ರಾಂ. ಕೊಂಡ ದಿನದ ಚೀಟಿಯಲ್ಲಿ 9 ಎಂದಿತ್ತು. ಮನುಷ್ಯರ ಲೆಕ್ಕದಲ್ಲಿ 60 ಕಿಲೊ ಇದ್ದವರು ವಾರದಲ್ಲಿ 52ಕ್ಕೆ ಇಳಿದ ಹಾಗೆ. ಅಡುಗೆಮನೆಯ ತಕ್ಕಡಿಗೆ ಈ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ. ಒಡವೆ ತೂಗುವ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಕೊಂಡೆವು. ಪ್ರತಿದಿನ ಬೆಳಿಗ್ಗೆ ಊಟಕ್ಕೆ ಮೊದಲು ತೂಕ ನೋಡುತ್ತೇವೆ. ಕಣ್ಣಿನ ಅಂದಾಜಿಗಿಂತ ಆ ಒಂದು ಅಂಕಿಯ ಮಾತು ಗಟ್ಟಿ.

ಹಿಕ್ಕೆಯ ಪರೀಕ್ಷೆಯಲ್ಲಿ ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿ ಕಂಡಿತು. ಗಡ್ಡದ ಓತಿಗಳಲ್ಲಿ ಇದು ತೀರಾ ಸಾಮಾನ್ಯ. ಗಟ್ಟಿಯಾಗಿರುವ ಮೈಯಲ್ಲಿ ಸ್ವಲ್ಪ ಸಂಖ್ಯೆಯಲ್ಲಿ ಸುಮ್ಮನಿರುತ್ತದೆ, ದಿಗಿಲು ಚಳಿ ಸೇರಿದಾಗ ಏರಿಬಿಡುತ್ತದೆ. ದುರ್ನಾತದ ನೀರು ಭೇದಿ ಅದರ ಗುರುತು. ಔಷಧಿಯನ್ನು ವೈದ್ಯೆಯೇ ಅಳೆದು ಕೊಟ್ಟರು. ಎಂಟು ಗ್ರಾಂ ಇಲ್ಲದ ಮೈಗೆ ಔಷಧಿ ಅಳೆಯುವುದು ನಮ್ಮಿಂದಾಗುವ ಕೆಲಸವಲ್ಲ. ನಾಯಿಯ ಹುಳದ ಮಾತ್ರೆಯನ್ನು ಮುರಿದು ಕೊಡುವ ಸಾಹಸ ಯಾರೂ ಮಾಡಬಾರದು. ಔಷಧಿಯಷ್ಟೇ ಮುಖ್ಯವೆಂದು ಅವರು ಹೇಳಿದ್ದು ಶುಚಿ. ಹಿಕ್ಕೆ ಬಿದ್ದ ಕೂಡಲೇ ಕಾಗದ ಬದಲಿಸಬೇಕು, ಇಲ್ಲದಿದ್ದರೆ ಮರಿ ಅದೇ ಪರಾವಲಂಬಿಯನ್ನು ಮತ್ತೆ ಮತ್ತೆ ನುಂಗುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ವೈದ್ಯೆ ಮುಚ್ಚಿಡಲಿಲ್ಲ. ಅಡಿನೋವೈರಸ್ ಎಂಬ ಸೋಂಕು ಈ ಮರಿಗಳನ್ನು ಎಳೆಯ ವಯಸ್ಸಿನಲ್ಲೇ ಕೊಲ್ಲುತ್ತದೆ. ಅದಕ್ಕೆ ಮದ್ದಿಲ್ಲ. ಬೆಚ್ಚಗಿಟ್ಟು, ನೀರು ಕೊಟ್ಟು, ಬೇರೆ ಸೋಂಕು ತಗಲದಂತೆ ಕಾಯುವುದಷ್ಟೇ. ದೊಡ್ಡವಾಗಿ ಬದುಕಿ ಉಳಿದವು ಹೊರಗೆ ಚೆನ್ನಾಗಿ ಕಂಡರೂ ಮರಿಗಳಿಗೆ ಹರಡಬಲ್ಲವು. ಎಲ್ಲವನ್ನೂ ಸರಿ ಮಾಡಿದ ಮೇಲೂ ಮರಿ ಉಳಿಯದೆ ಹೋಗಬಹುದು ಎನ್ನುವುದನ್ನು ಮಗಳಿಗೆ ಹೇಳಬೇಕಿತ್ತು. ಕಾರಿನಲ್ಲಿ ಹೇಳಿದೆ. ಅವಳು ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಸಾಕುವ ಮೊದಲೇ ಮಕ್ಕಳಿಗೆ ಈ ಮಾತು ಹೇಳಿರಬೇಕೆಂದು ನನಗೆ ಈಗ ಬಲವಾಗಿ ಅನ್ನಿಸುತ್ತದೆ.

ಊಟದ ಮಾತಿಗೆ ಬರುವುದಾದರೆ, ಮರಿಗಳಿಗೆ ಮುಕ್ಕಾಲು ಪಾಲು ಹುಳ, ಉಳಿದದ್ದು ಸೊಪ್ಪು. ದೊಡ್ಡವಾದಂತೆ ಇದು ತಿರುಗುಮುರುಗಾಗುತ್ತದೆ. ನಮ್ಮ ಹಳ್ಳಿಮನೆಗಳ ಮೂಲೆಯಲ್ಲಿ ರಾತ್ರಿ ಚಿರ್ರೆನ್ನುವ ಚಿಮ್ಮಂಡೆಯ ಜಾತಿಯ ಹುಳಗಳನ್ನು ಇಲ್ಲಿ ಡಬ್ಬಿಯಲ್ಲಿ ಮಾರುತ್ತಾರೆ. ಮರಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ಹುಳ ದೊಡ್ಡದಿರಬಾರದು. ಚಿಮ್ಮಂಡೆಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಅದಕ್ಕೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಾಡಿಸಿ ಕೊಡುತ್ತಾರೆ. ಪಾಲಕ್, ದಂಟಿನ ಸೊಪ್ಪಿನ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ, ದಿನಾ ಬೇಡ. ಬೆಣ್ಣೆಹಣ್ಣು ವಿಷ. ಮಿಂಚುಹುಳ ಇನ್ನೂ ಘೋರ. ಅಮೆರಿಕದಲ್ಲಿ ಅದನ್ನು ತಿಂದು ಗಡ್ಡದ ಓತಿಗಳು ಸತ್ತದ್ದು ದಾಖಲಾಗಿದೆ. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ರಾತ್ರಿ ಪೆಟ್ಟಿಗೆಯಲ್ಲಿ ಬಿಡಬಾರದು, ಮಲಗಿದ ಮರಿಯನ್ನು ಅವೇ ಕಚ್ಚುತ್ತವೆ. ದೀಪ ಆರಿಸುವ ಎರಡು ಗಂಟೆ ಮೊದಲೇ ಕೊನೆಯ ಊಟ ಮುಗಿದಿರಬೇಕು, ಅರಗಲು ಬಿಸಿ ಬೇಕಲ್ಲ. ಒಂಟಿಯಾಗಿದೆಯೆಂದು ಇನ್ನೊಂದು ಮರಿಯನ್ನು ಜೊತೆಗೆ ಬಿಡುವುದೂ ತಪ್ಪು. ದೊಡ್ಡದು ಬಿಸಿ ಜಾಗವನ್ನು ಹಿಡಿದುಕೊಳ್ಳುತ್ತದೆ, ಚಿಕ್ಕದರ ಬೆರಳು, ಬಾಲ ಕಡಿಯುತ್ತದೆ.

ಮನೆಯವರ ಆರೋಗ್ಯದ ಒಂದು ಮಾತು. ಚೆನ್ನಾಗಿರುವ ಓತಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಅದರ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ತಕ್ಕ ಪ್ರಾಣಿಯಲ್ಲ.

ಬೆಂಗಳೂರಿನಲ್ಲೂ ಈಗ ಈ ಮರಿಗಳು ಮಾರಾಟಕ್ಕಿವೆ. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕೆಂದು ಹೊರಗೆ ಕಳಿಸುವುದನ್ನು ದಶಕಗಳ ಹಿಂದೆಯೇ ನಿಲ್ಲಿಸಿದೆ. ಹೊರದೇಶಗಳಲ್ಲಿರುವವು ಹೆಚ್ಚಾಗಿ ಹಿಂದೆ ಕದ್ದು ಸಾಗಿಸಿದವುಗಳ ಸಂತತಿ, ತಲೆಮಾರುಗಳಿಂದ ಪೆಟ್ಟಿಗೆಯಲ್ಲೇ ಹುಟ್ಟಿದವು. ನಮ್ಮೂರು ಬಿಸಿಯೇ ಅಲ್ಲವೇ, ದೀಪವೇಕೆ ಎನ್ನುವವರಿದ್ದಾರೆ. ಕೋಣೆಯ 28 ಡಿಗ್ರಿ ಇದಕ್ಕೆ ನೆರಳಿನ ತುದಿ ಮಾತ್ರ. ಜೂನ್‌ನಿಂದ ಮೋಡ ಕವಿದು, ಗಾಳಿಯಲ್ಲಿ ತೇವ ತುಂಬಿ, ಕರೆಂಟೂ ಹೋದರೆ ಒಣನಾಡಿನ ಶ್ವಾಸಕೋಶ ಬೇಗ ಸೋಲುತ್ತದೆ. ದೀಪಕ್ಕೆ ಯುಪಿಎಸ್ ಇಲ್ಲದ, ಸರೀಸೃಪ ನೋಡುವ ವೈದ್ಯರು ಹತ್ತಿರವಿಲ್ಲದ ಮನೆಯವರು ದಯವಿಟ್ಟು ಕೊಳ್ಳಬೇಡಿ. ಬದುಕಿದರೆ ಇದು ಹತ್ತು ವರ್ಷ ಬದುಕುವ ಪ್ರಾಣಿ.

ಮನೆಗೆ ಬಂದ 11ನೇ ದಿನ ರಾಗಿ ತಾನಾಗಿ ಒಂದು ಚಿಮ್ಮಂಡೆಯ ಕಡೆಗೆ ತಲೆ ತಿರುಗಿಸಿತು. ನೋಡುತ್ತ ನಿಂತಿತು. ಬಾಲದ ತುದಿ ಅಲ್ಲಾಡಿತು, ನಾಲಿಗೆ ಹೊರಬಂತು, ಹುಳ ಕಾಣೆಯಾಯಿತು. ಐದು ನಿಮಿಷ ಬಿಟ್ಟು ಇನ್ನೊಂದು. ಮೂರನೆಯದನ್ನು ಕೊಡಲು ಚಿಮಟ ಎತ್ತಿದ ನನ್ನ ಕೈಯನ್ನು ಮಗಳು ಹಿಡಿದಳು. 'ಸಾಕು ಅಮ್ಮ, ಬಿಸಿಲು ಕಾಯ್ಲಿ' ಎಂದಳು.

ಇಂದು ಬೆಳಿಗ್ಗೆ ತೂಕ 9.6 ಗ್ರಾಂ. ಎರಡನೇ ಪರೀಕ್ಷೆಗೆ ಹಿಕ್ಕೆ ಕೊಟ್ಟು ಬಂದಿದ್ದೇವೆ, ವರದಿ ಸೋಮವಾರ. ಟ್ಯೂಬ್ ಬದಲಿಸಬೇಕಾದ ತಿಂಗಳಿಗೆ ಮಗಳು ಕ್ಯಾಲೆಂಡರಿನಲ್ಲಿ ಹಳದಿ ಗುರುತು ಹಾಕಿದ್ದಾಳೆ.